ಎಷ್ಟು ಕುಡೀತು?

ಡಂಬಳದ ಹಾದಿಗೆ, ತಂತಿಬೇಲಿ ಒಳಗ,
ಕಟ್ಟಿಗಿ ಹಲಗಿ ಮ್ಯಾಲ ಒಂದು ತಗಡಿನ ಬಾನಿ.
ನಾಕಡಿ ಅಗಲ, ಗೇಣು ನೀರು,
ಮ್ಯಾಲ ಜಾಳಿಗಿ.
ಗುಬ್ಬಿ ಬಂದು ಕುಂಡ್ರತಾವ, ಕೊಕ್ಕು ತೂರಸ್ತಾವ,
ಎಟುಕೂದಿಲ್ಲ.
ಗುಬ್ಬಿ ಕುಡದರ ಲೆಕ್ಕ ತಪ್ಪತೈತಿ.
ಇದು ಗಾಳಿಗೆ ಇಟ್ಟ ನೀರು.

ದಿನಾ ಮುಂಜಾನೆ ಎಂಟೂವರಿಗೆ ನನ್ನ ಕೆಲಸ:
ನಿನ್ನಿಯಿಂದ ಗಾಳಿ ಎಷ್ಟು ಕುಡೀತು, ನೋಡೂದು.
ಬಾನಿಯೊಳಗ ಒಂದು ಹಿತ್ತಾಳಿ ಸೂಜಿ
ಮೊನಿ ಮ್ಯಾಲ ಮಾಡಿ ನಿಂತೈತಿ.
ನೀರು ಇಳದಷ್ಟು ಮೊನಿ ಬೆತ್ತಲಾಗತೈತಿ.
ಅಳತಿ ಗ್ಲಾಸಿಲೆ ಸುರುವಿಕೋತ ಹೋಗಬೇಕು,
ಮೊನಿ ನೀರಾಗಿನ ತನ್ನ ನೆರಳಿಗೆ ಮುಟ್ಟೂತನಕ.
ಸುರುವಿದ್ದೆಷ್ಟೋ ಕುಡದದ್ದಷ್ಟು.

ನನಗಿಂತ ಮೊದಲ ಇಲ್ಲಿ ಬುಡ್ನೇಸಾಬ ಇದ್ದ.
ಅವನ ರಜಿಸ್ಟರಿನೊಳಗ ಏಪ್ರಿಲ್ ಅಂದ್ರ
ಏಳು, ಏಳೂವರಿ, ಒಮ್ಮೊಮ್ಮೆ ಆರು.
ಒಂದು ಪುಟದ ಮ್ಯಾಲ ಚಹಾ ಕಪ್ಪಿನ ದುಂಡನೆ ಕಲೆ.
ನನ್ನ ಏಪ್ರಿಲ್‌ದಾಗ ಹತ್ತು. ಹನ್ನೊಂದು.
ಹೋದ ವಾರ ಒಂದಿನ ಹನ್ನೆರಡೂವರಿ.
ನಾನಽ ತಪ್ಪಿದೆ ಅಂತ ಎರಡು ಸಲ ಕೂಡಿಸಿದೆ.

ಧಾರವಾಡದಿಂದ ಬಂದ ಮೇಡಂ ಪುಟ ತಿರುವಿ
ಸೀದಾ ಗೆರಿ ಅಲ್ಲ ಇದು, ಅಂದರು.
ಏರತೈತಿ, ಇಳೀತೈತಿ,
ಗಾಳಿ ಮೆತ್ತಗ ಬೀಸಿದ ವರ್ಷ ಕಡಿಮಿ ಕುಡದೈತಿ.
ಆದರ ಬಿಸಿ ಆದಂಗ ಗಾಳಿ ಚೀಲ ದೊಡ್ಡದಾಗತೈತಿ,
ನೆಲದಾಗಿಂದ, ಎಲಿಯೊಳಗಿಂದ ಹೀರಿ ತುಂಬಕೋತೈತಿ,
ತುಂಬಿದ ಚೀಲ ಎಲ್ಲೋ ಒಂದ ತಾಸಿನಾಗ ಹರೀತೈತಿ.
ಬಿದ್ದದ್ದು ಹರದ ಹೋಗತೈತಿ, ನೆಲಕ್ಕ ದಕ್ಕೂದಿಲ್ಲ.
ಅವರು ಬಿಟ್ಟು ಹೋದ ವರದಿಯೊಳಗ ಒಂದು ಸಾಲು:
ಮುಂದಿನ ಮೂವತ್ತು ವರ್ಷಗಳಲ್ಲಿ
ಇಂಥಿಂಥ ದೇಶಗಳಿಗೆ ಪದೇ ಪದೇ ಬರ ಬರಬಹುದು.
ಬರ ಬರಬಹುದು.
ಅಚ್ಚಿನ ತಪ್ಪೇನೋ ಅಂತ ಬೆರಳಿಟ್ಟು ಓದಿದೆ.
ಒಂದು ಬರಕ್ಕೂ ಇನ್ನೊಂದು ಬರಕ್ಕೂ ನಡುವ ಜಾಗಾನಽ ಇಲ್ಲ,
‘ಬಹುದು’ ಮಾತ್ರ ಹಿಂದ ಬಾಲದಂಗ ಜೋತಾಡತೈತಿ.

ಊರಾಗ ನಳ ಬಂದು ಹದಿಮೂರು ದಿನ.
ಬಾನಿಗೆ ರಜಾ ಇಲ್ಲ.
ದಿನಕ್ಕೊಂದು ಕೊಡ.
ನಾ ಹೊತ್ತು ಬೇಲಿ ದಾಟೂದು ಕಂಡು
ಆಚಿ ಮನಿ ನೀಲಗಂಗವ್ವ ಅಡ್ಡ ನಿಂತಳು:
“ನಮ್ಮ ಎಮ್ಮಿ ನಾಲಿಗಿ ಹೊರಗ ಹಾಕೇತಿ,
ನೀ ಗಾಳಿಗೆ ನೀರ ಕುಡಸಾಕ ಹೊಂಟಿ?
ಇದಕ್ಕ ಪಗಾರ ಬ್ಯಾರೆ ಕೊಡತಾರ ನಿನಗ?”
ಉತ್ತರ ಇತ್ತು. ಬಾಯಿಗೆ ಬರಲಿಲ್ಲ.
ಕೈ ಹಿಡದು ಒಳಗ ಕರಕೊಂಡು ಹೋದೆ, ಸೂಜಿ ತೋರಿಸಿದೆ,
ಗ್ಲಾಸು ಅಕಿ ಕೈಯಾಗ ಕೊಟ್ಟೆ.
ಸುರುವಿದಳು, ಸುರುವಿದಳು,
ಕೊಡದ ತಳ ಮುಗಲ ಕಡೆ ಆತು,
ಮೊನಿ ಇನ್ನೂ ನೆರಳಿಗೆ ಮುಟ್ಟಿರಲಿಲ್ಲ.
“ಎವ್ವಾ, ಒಂದ ದಿನದ್ದ ಇದು?”
“ಒಂದ ಬಾನೀದು,” ಅಂದೆ.
ಅಕಿ ತಲಿ ಎತ್ತಿ ಹೊಲ ನೋಡಿದಳು.
ಹೊಲದಾಚಿ ಹೊಲ ನೋಡಿದಳು.
ಕಪ್ಪತಗುಡ್ಡದ ಫ್ಯಾನು ತಿರುಗೂತನಕ ನೋಡಿದಳು.

ಇಂಥಾ ಬಾನಿ ಲೋಕದ ತುಂಬ ಅದಾವಂತ.
ಸ್ಪೇನದಾಗ ಯಾವಕಿನೋ, ಜಾಂಬಿಯಾದಾಗ ಯಾವನೋ,
ಚಿಲಿಯೊಳಗ ಒಬ್ಬ ಮುದುಕ.
ಹೊತ್ತು ಮೂಡಿದ ಸರದೀಲೆ ಒಬ್ಬೊಬ್ಬರಽ ಬಗ್ಗತಾರ,
ಮೊನಿ ಮುಟ್ಟೂತನಕ ಉಸಿರು ಹಿಡೀತಾರ.
ಒಬ್ಬರ ಮಾತು ಒಬ್ಬರಿಗೆ ತಿಳಿಯೂದಿಲ್ಲ.
ಅಂಕಿ ತಿಳೀತಾವ.

ಈಗ ದಿನಾ ಗೋಡಿ ಆಚಿಂದ ಧ್ವನಿ ಬರತೈತಿ,
ಚಹಾ ಆತೇನು ಅಂತ ಕೇಳೂಕಿಂತ ಮೊದಲ,
ಜ್ವರ ಬಂದ ಕೂಸಿನ ಸುದ್ದಿ ಕೇಳಿದಂಗ:
“ಎಷ್ಟ ಕುಡೀತ ಇವತ್ತ?”
ಹನ್ನೊಂದು, ಅಂತೀನಿ.
ಅಕಿ ಏನೂ ಅನ್ನೂದಿಲ್ಲ.
ಎಮ್ಮಿ ಬಾನಿ ಮ್ಯಾಲ ಗೋಣಿತಟ್ಟು ಎಳದ ಸಪ್ಪಳ
ಇಲ್ಲೀತನಕ ಕೇಳತೈತಿ.