ಕೊನೆಯ ಟ್ರಿಪ್ಪು

ಸ್ಟೇಟ್ ಬ್ಯಾಂಕಿನಿಂದ ರಾತ್ರಿ ಒಂಬತ್ತೂವರೆಗೆ
ನನ್ನ ಕೊನೆಯ ಟ್ರಿಪ್ಪು.
ಹಿಂದಿನ ಸೀಟಿನ ಮೂಲೆ ಬಾಬುಧನನದು.
ಬೆರಳ ಸಂದಿನಲ್ಲಿ ಟೈಲ್ಸಿನ ಬಿಳಿ ಸಿಮೆಂಟು,
ದುಮ್ಕಾ ಕಡೆಯವನಂತೆ; ಅದೆಲ್ಲಿ ಎಂದು ನಾನೂ ಕೇಳಿಲ್ಲ.
ಬೈಕಂಪಾಡಿಗೆ ಒಂದು ಎನ್ನಲು
ಒಂದು ಬೆರಳೆತ್ತುತ್ತಾನೆ, ಅಷ್ಟೆ.

ಕೂಳೂರು ಸೇತುವೆ ಬಂತೆಂದರೆ ಅವನ ಫೋನು.
ಮೊದಲೆಲ್ಲ ಇಡೀ ಬಸ್ಸಿಗೆ ಕೇಳುವಂತೆ ನಗುತ್ತಿದ್ದ,
ಮಗಳಿಗೆ ಏನೋ ಹಾಡಿದ್ದೂ ಉಂಟು.
ಪಕ್ಕದ ಶೆಡ್ಡಿನ ಹುಡುಗನನ್ನು ಯಾರೋ
"ಎಲ್ಲಿಯವನೋ ನೀನು" ಎಂದು ಕೇಳಿ
ಉತ್ತರಕ್ಕೆ ಕಾಯದೆ ಹೊಡೆದರಲ್ಲ,
ಆಮೇಲೆ ಅಂಗೈಯೊಳಗೇ ಮಾತು,
ಗಾಳಿಯಲ್ಲಿ ಬೆಂಕಿಕಡ್ಡಿ ಗೀರಿದವರ ಹಾಗೆ.
ಆಧಾರ್ ಕಾರ್ಡು ಎದೆಯ ಜೇಬಿನಲ್ಲಿ, ಹಾಲಿನ ತೊಟ್ಟೆಯೊಳಗೆ.
ಟಿಕೆಟಿಗೆ ಕೈ ಚಾಚಿದರೂ
ಅವನ ಕೈ ಮೊದಲು ಅಲ್ಲಿಗೇ.

ನನ್ನಪ್ಪ ಮುಂಬಯಿಯ ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದಾಗ
ಗಲಾಟೆಯ ವಾರ ಲುಂಗಿ ಬಿಚ್ಚಿಟ್ಟು
ಯಾರದೋ ದೊಗಳೆ ಪ್ಯಾಂಟು ಹಾಕಿಕೊಂಡರಂತೆ.
ಟ್ರೈನಿನಲ್ಲಿ ತುಳು ಬಾಯಿಗೆ ಬಂದರೆ
ಕೆಮ್ಮಿಬಿಡುತ್ತಿದ್ದರಂತೆ.
ಊರಿಗೆ ಬಂದ ಮೇಲೂ ಆ ಕೆಮ್ಮು ಹೋಗಲಿಲ್ಲ.
ಬೀಡಿಯದೆಂದುಕೊಂಡಿದ್ದೆವು.

ಇವತ್ತು ಸ್ಟಾಪು ದಾಟಿ,
ಶೆಡ್ಡಿನ ದೀಪ ಕಾಣುವಲ್ಲಿ ವಿಸಿಲ್ ಊದಿದೆ.
ಹಿಲರಿ ಕನ್ನಡಿಯಲ್ಲಿ ನೋಡಿದ,
ಬೈದ, ನಿಲ್ಲಿಸಿದ.
ಬಾಬುಧನ ಇಳಿದು "ಬರ್ಪೆ" ಅಂದ.
ಹೋಗುತ್ತೇನೆ ಅನ್ನಬಾರದೆಂದು
ಯಾರು ಹೇಳಿಕೊಟ್ಟರೋ.

ಮುಂದಿನ ಸೀಟಿನವರು ವಾಚು ನೋಡಿಕೊಂಡರು.
ನೋಡಲಿ.
ಹಿಲರಿ ಇನ್ನೂ ಗೇರು ಹಾಕಿರಲಿಲ್ಲ,
ಹೆಡ್‌ಲೈಟಿನಲ್ಲಿ ಅವನ ಚಪ್ಪಲಿಯ ಹಿಮ್ಮಡಿ
ಒಂದೊಂದಾಗಿ ಮೇಲೇಳುತ್ತಿತ್ತು.