ಹದಿನೇಳನೆಯ ಮನೆ

ಸುಂಟಿಕೊಪ್ಪದಾಚೆ, ಊರು ಮುಗಿಯುವಲ್ಲಿ,
ಜೀಪಿನ ಬಾನೆಟ್ಟಿನ ಮೇಲೆ ಹರಡಿದ್ದೆ ನಕ್ಷೆ.
ನಲವತ್ತೆರಡು ಮನೆ. ಮಳೆನೀರ ತೊಟ್ಟಿ, ಸೋಲಾರ್,
ಮಣ್ಣಿಟ್ಟಿಗೆಯ ಗೋಡೆ.
ಹಾರದಂತೆ ನಾಲ್ಕು ಮೂಲೆಗೂ ಕಿತ್ತಳೆ.

ಲೈನ್ ಮನೆಯ ತನಿಯಾರು ನಕ್ಷೆ ನೋಡಲಿಲ್ಲ,
ಬರಿಗಾಲಲ್ಲಿ ನೆಲ ಒತ್ತುತ್ತ ನಡೆದಳು.
'ಇಲ್ಲಿ ಬೇಡ. ಕಕ್ಕಡದಲ್ಲಿ
ಈ ಬರೆ ಕೆಮ್ಮುತ್ತೆ.'

ಇಳಿಜಾರಿನ ಲೆಕ್ಕ ಹೇಳಿದೆ.
ಅವಳು ಒಂದು ಕಲ್ಲು ಎತ್ತಿದಳು:
ಅಡಿಯಲ್ಲಿ ಜನವರಿಯಲ್ಲೂ ಒದ್ದೆ,
ಒಂದು ಏಡಿಮರಿ.

ಅಳಿಸಿದೆ. ಪಕ್ಕಕ್ಕೆ ಬರೆದೆ.
'ಅಲ್ಲಿ ಆನೆ ಇಳಿಯುತ್ತೆ.'
ಮತ್ತೆ ಅಳಿಸಿದೆ.

ಕಾಗದ ಸವೆದು ಅಷ್ಟಗಲ
ಬಾನೆಟ್ಟಿನ ಹಸಿರು ಕಾಣುತ್ತಿದೆ.

ಮೂಲೆಯ ಕಿತ್ತಳೆ ಎತ್ತಿಕೊಂಡು
ಸುಲಿಯುತ್ತ ಕೇಳುತ್ತಾಳೆ:
'ಯಾರದಿತ್ತು, ಆ ಹದಿನೇಳು?'

ಹೆಸರುಗಳ ಪಟ್ಟಿ ತೆಗೆದೆ.
ಮಡಚಿದೆ.
ನಕ್ಷೆಯ ಒಂದು ಮೂಲೆ
ಗಾಳಿಗೆ ಏಳುತ್ತಿತ್ತು.