ಹದಿನಾರು ಪುಟ ಕಡಿಮೆ

ಬೆಳಿಗ್ಗೆ ಏಳಕ್ಕೇ ಫೋನು.
"ಸಾರ್, ನಿಧನದ ಸುದ್ದೀಲಿ ತಪ್ಪಾಗಿದೆ,
ನಮ್ಮಪ್ಪಂಗೆ ಎಂಬತ್ತೊಂದಲ್ಲ, ಎಪ್ಪತ್ತೊಂಬತ್ತು."
ದನಿಯಲ್ಲಿ ಅಳು ಇರಲಿಲ್ಲ,
ಚಿಲ್ಲರೆ ಲೆಕ್ಕ ತಪ್ಪಿದಾಗಿನ ಬೇಸರ, ಅಷ್ಟೆ.
ನಾಳೆ ತಿದ್ದುಪಡಿ ಹಾಕ್ತೀವಿ ಎಂದೆ,
ಐದನೇ ಪುಟ, ಕೆಳಗಡೆ, ಎರಡು ಸಾಲು.
ಹಲ್ಲುಜ್ಜುವಾಗ ಹೊಳೆಯಿತು:
ಯಾರೋ ಪುಣ್ಯಾತ್ಮನಿಗೆ ಪುಕ್ಕಟೆ ಕೊಟ್ಟ ಎರಡು ವರ್ಷ
ಈಗ ನಾನೇ ಹೋಗಿ ವಾಪಸ್ ಇಸಕೊಳ್ಳಬೇಕು.

ಹತ್ತೂವರೆಗೆ ಪಾಲಿಕೆ ಕಚೇರಿ.
ಪ್ರೆಸ್‌ನೋಟು, ಗೋಡಂಬಿ ಬಿಸ್ಕತ್ತು, ಒಂದು ಪೆನ್ನು.
ಕಾಮಗಾರಿ ಶೀಘ್ರದಲ್ಲೇ ಮುಗಿಯುತ್ತದೆ.
ಹದಿನೆಂಟು ವರ್ಷದಲ್ಲಿ ಈ 'ಶೀಘ್ರದಲ್ಲೇ'ಯನ್ನು
ಎಷ್ಟು ಸಾವಿರ ಸಲ ಬರೆದಿದ್ದೇನೋ.
ಡೆಸ್ಕಿನಲ್ಲಿ ಇಂದುಧರ ಅದನ್ನು ಮಾತ್ರ ತಪ್ಪದೆ ಹೊಡೆದುಹಾಕುತ್ತಾನೆ,
ಸುಳ್ಳು ಎಂದಲ್ಲ,
ಜಾಗ ಉಳಿಯುತ್ತದೆ ಎಂದು.

ಮೆಟ್ರೋ ಇಳಿದು ಅವೆನ್ಯೂ ರೋಡಿಗೆ ನಡೆದೆ,
ಮುಜೀಬನ ಫುಟ್‌ಪಾತಿಗೆ.
ಹೋದ ವಾರ ಅವನ ಹತ್ತಿರ ಕೊಂಡ ಕಾದಂಬರಿ
ಇನ್ನೂರ ಇಪ್ಪತ್ತನಾಲ್ಕನೇ ಪುಟಕ್ಕೆ ನಿಲ್ಲುತ್ತದೆ.
ಒಳಗೆ ಅಚ್ಚಾಗಿದೆ: ಪುಟಗಳು ಇನ್ನೂರ ನಲವತ್ತು.
ಒಂದು ಇಡೀ ಫಾರಂ ಹಾರಿಹೋಗಿದೆ,
ಯಾವನೋ ಬೈಂಡರು ಊಟಕ್ಕೆದ್ದ ಹೊತ್ತಿನಲ್ಲಿ.
ಕತೆಯವನು ಬಾಗಿಲು ತಟ್ಟಿದ್ದಾನೆ.
ಒಳಗೆ ಯಾರೋ ಚಪ್ಪಲಿ ಹುಡುಕುತ್ತಿದ್ದಾರೆ. ಅಷ್ಟೆ.
"ಕೊನೇನೇ ಇಲ್ವಲ್ಲಯ್ಯಾ" ಎಂದರೆ ಮುಜೀಬ
ಚಹಾ ಲೋಟ ಕೆಳಗಿಡದೆ ಹೇಳಿದ:
"ಅದಕ್ಕೇ ಸಾರ್ ಮೂವತ್ತು.
ಕೊನೆ ಇದ್ದಿದ್ರೆ ಅರವತ್ತು."

ಮೊದಲ ಪುಟದಲ್ಲಿ ನೇರಳೆ ಶಾಯಿ:
ಕು. ಲೀಲಾವತಿ ಬಿ.ಕೆ., ಪಿ.ಯು.ಸಿ., ೧೯೭೪.
ಅಲ್ಲಲ್ಲಿ ಅಡಿಗೆರೆ ಎಳೆದಿದ್ದಾಳೆ.
ತತ್ತ್ವದ ಮಾತಿಗಲ್ಲ, ಪ್ರೇಮಕ್ಕೂ ಅಲ್ಲ,
ಪುಸ್ತಕದೊಳಗೆ ಯಾರಾದರೂ ಉಣ್ಣಲು ಕೂತಲ್ಲಿ ಮಾತ್ರ.
ಹಾಸ್ಟೆಲಿನ ಹುಡುಗಿ ಇದ್ದಿರಬೇಕು.
(ಖಚಿತಪಡಿಸಿಕೊಳ್ಳದೆ ಬರೆಯಬಾರದು.
ಇದ್ದಿರಬೇಕು.)

ಕೊನೆ ಇಲ್ಲದ್ದಕ್ಕೆ ನಾನು ಯಾಕೆ ಸಿಟ್ಟಾಗಬೇಕು?
ನಾನು ಬರೆದ ಯಾವುದಕ್ಕೆ ಕೊನೆಯಿತ್ತು?
ರಸ್ತೆ ಅಗಲ ಮಾಡುವಾಗ
ರಾಜಾಜಿನಗರದಲ್ಲಿ ಒಂದು ಮಳೆಮರ ಕಡಿದರು.
ಮೂರು ಕಾಲಂ ಬರೆದೆ, ಫೋಟೋ ಸಮೇತ,
ಟೊಳ್ಳಿನಲ್ಲಿದ್ದ ಗೂಬೆಗೆ ಒಂದು ಪ್ಯಾರಾ.
ಅದರ ಕೆಳಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಮುನಿಯಲ್ಲಮ್ಮನಿಗೆ
ಒಂದು ವಾಕ್ಯ.
ಆಮೇಲೆ ಅವಳು ತಳ್ಳುಗಾಡಿ ಎಲ್ಲಿಗೆ ತಳ್ಳಿಕೊಂಡು ಹೋದಳು,
ಕೆಂಡ ಆರಿಸಿದಳೋ, ಹಾಗೇ ಒಯ್ದಳೋ,
ಯಾವ ಓದುಗನೂ ಪತ್ರ ಬರೆದು ಕೇಳಲಿಲ್ಲ.
ನಾನೂ ಕೇಳಲಿಲ್ಲ.
ಗೂಬೆಯ ಬಗ್ಗೆ ಹನ್ನೊಂದು ಪತ್ರ ಬಂದವು.

ಭಾನುವಾರ ರದ್ದಿ ಅಂಗಡಿಯ ಪೆರುಮಾಳ್
ನಮ್ಮ ಪೇಪರನ್ನು ಕಟ್ಟು ಕಟ್ಟಿ ತೂಗಿದ್ದ.
ಕನ್ನಡದ್ದು ಹದಿನಾಲ್ಕು, ಇಂಗ್ಲಿಷಿನದು ಹದಿನಾರು.
ಮುಖ ನೋಡಿ ಪಾಪ ಅನ್ನಿಸಿತೇನೋ,
"ವಿಷಯ ಒಂದೇ ಸಾರ್, ಕಾಗದ ಬೇರೆ" ಎಂದ.
ಹೆಂಡತಿ ಆ ದುಡ್ಡಿಗೆ ಕರಿಬೇವು, ಹಸಿಮೆಣಸು ತಂದಳು.
ನನ್ನ ಬರಹದಿಂದ ಮನೆಗೆ ಹಸಿರು ಬಂದದ್ದು
ಸುಳ್ಳಲ್ಲ.

ರಾತ್ರಿ ಹನ್ನೆರಡೂಕಾಲು. ಪುಟ ಬಿಟ್ಟಾಯಿತು.
ಎಪ್ಪತ್ತೊಂಬತ್ತು. ಮೂರು ಸಲ ನೋಡಿದೆ, ಎಪ್ಪತ್ತೊಂಬತ್ತೇ.
ಆಫೀಸಿನ ವ್ಯಾನು ಆನಂದರಾವ್ ಸರ್ಕಲ್ಲಿನಲ್ಲಿ
ಯಾರೂ ಇಲ್ಲದ ಕೆಂಪು ದೀಪಕ್ಕೆ ನಿಂತಿತು;
ಡ್ರೈವರ್ ಕೆಂಚಪ್ಪ ನಿಯಮದ ಮನುಷ್ಯ.
ಬೀದಿದೀಪದಲ್ಲಿ ಲೀಲಾವತಿಯ ಗೆರೆಯೊಂದು ಕಂಡಿತು:
ಬಿಸಿ ಮುದ್ದೆ, ಸೊಪ್ಪಿನ ಸಾರು,
ಯಾರೋ ಯಾರಿಗೋ ಇನ್ನೊಂದು ಸೌಟು ಬಡಿಸುತ್ತಿದ್ದಾರೆ.

ಮನೆಯಲ್ಲಿ ತಟ್ಟೆ ಮುಚ್ಚಿಟ್ಟಿತ್ತು.
ಹುರುಳಿ ಸಾರು, ಆರಿ ಕೆನೆಗಟ್ಟಿತ್ತು.
ಪಕ್ಕದಲ್ಲಿ, ಬೇಡ ಎಂದರೂ, ಅರ್ಧ ಹಪ್ಪಳ.
ಇದರ ಕೆಳಗೊಂದು ಗೆರೆ ಎಳೆಯಬೇಕು ಅನ್ನಿಸಿ
ಜೇಬಿಗೆ ಕೈ ಹಾಕಿದೆ.
ಪಾಲಿಕೆಯವರು ಕೊಟ್ಟ ಪೆನ್ನು.
ಬರೆಯುವುದಿಲ್ಲ.